ಆಚೆ ದಡದ ಸಂಬಳ

ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಹೆಚ್ಚುಕಡಿಮೆ ಒಂದು ತಾಸಾಗಿದೆ. ದೋಣಿಯ ಎಂಜಿನ್ ಸದ್ದು ತಗ್ಗುತ್ತದೆ. ಕೊಲ್ಲಿಯ ಗಾಳಿಗೆ ಕಿವಿ ಮರಗಟ್ಟಿದ್ದರೂ ಪರವಾಗಿಲ್ಲ, ಎದ್ದು ಎಡಗಡೆಗೆ ಬನ್ನಿ. ಕತ್ತೆತ್ತಿ ನಿಂತ ಕ್ರೇನುಗಳು, ಉದ್ದುದ್ದ ಶೆಡ್ಡುಗಳು, ನೀರಿನಂಚಿನಲ್ಲಿ ಹಡಗುಗಳನ್ನು ಒಳಗೆಳೆದುಕೊಳ್ಳುವ ಕಲ್ಲಿನ ಡ್ರೈಡಾಕುಗಳು. ಇದು ಮೇರ್ ಐಲ್ಯಾಂಡ್. ಮೆಕ್ಸಿಕೋ ಆಳ್ವಿಕೆಯ ಕಾಲದ ಜನರಲ್ ವಲೇಹೋನ ಬಿಳಿ ಹೆಣ್ಣುಕುದುರೆ ನೀರಿಗೆ ಬಿದ್ದು, ಈಜಿ ಈ ದಡ ಹತ್ತಿತಂತೆ. ಅದಕ್ಕೇ ಕುದುರೆಯ ಹೆಸರು. ಬಲಗಡೆಯ ಊರಿಗೆ ಜನರಲ್ಲನದೇ ಹೆಸರು: ವಲೇಹೋ. ಎರಡರ ನಡುವೆ ಇರುವುದು ಕೂಗಿದರೆ ಕೇಳುವಷ್ಟೇ ಅಗಲದ ನೀರು.

ಆ ದಡದಲ್ಲಿ ದುಡಿಮೆ, ಈ ದಡದಲ್ಲಿ ಮನೆ. ಈ ಏರ್ಪಾಡು 1854ರಿಂದ 1996ರವರೆಗೆ ನಡೆಯಿತು. ಪೆಸಿಫಿಕ್ ತೀರದಲ್ಲಿ ಅಮೆರಿಕದ ನೌಕಾಪಡೆ ಕಟ್ಟಿದ ಮೊದಲ ಹಡಗುಕಟ್ಟೆ ಮೇರ್ ಐಲ್ಯಾಂಡ್. ಐನೂರಕ್ಕೂ ಹೆಚ್ಚು ಹಡಗುಗಳು ಇಲ್ಲಿ ಹುಟ್ಟಿದವು, ಅದರಲ್ಲಿ 17 ಅಣು ಜಲಾಂತರ್ಗಾಮಿಗಳು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಇಲ್ಲಿ ಕೆಲಸಕ್ಕಿದ್ದರು.

ಇಳಿದು ಜಾರ್ಜಿಯಾ ಸ್ಟ್ರೀಟ್ ಹಿಡಿಯಿರಿ. ನೀರಿನ ಕಡೆಯ ತುದಿಯಲ್ಲಿ ಹಿಂದೆ ನಾವಿಕರ ಬಾರುಗಳು ಸಾಲುಗಟ್ಟಿದ್ದವು. ಅವನ್ನು ಹಡಗುಕಟ್ಟೆ ಮುಚ್ಚಿದ್ದು ಅಳಿಸಿತೆಂದುಕೊಳ್ಳಬೇಡಿ. ನಗರಸುಧಾರಣೆಯ ಹೆಸರಿನಲ್ಲಿ 1960ರ ದಶಕದಲ್ಲೇ ಊರು ತಾನಾಗಿ ಕೆಡವಿ ಹಾಕಿತ್ತು. ಮುಂದಕ್ಕೆ ನಡೆದರೆ ಹಳೆಯ ಕಟ್ಟಡಗಳು. ಒಂದು ಅಂಗಡಿ ತೆರೆದಿದೆ, ಪಕ್ಕದ ಗಾಜಿನ ಹಿಂದೆ ಧೂಳು. ವೆಲ್ಡರ್, ಪೈಪ್‌ಫಿಟ್ಟರ್, ಬಾಯ್ಲರ್ ಕೆಲಸದವರ ಸಂಬಳ ಕರಗುತ್ತಿದ್ದ ಬೀದಿ ಇದು: ಬೂಟಿಗೆ, ಕ್ಷೌರಕ್ಕೆ, ಮಗಳ ಮದುವೆಯ ಉಂಗುರಕ್ಕೆ. ಕಟ್ಟೆ ಇದ್ದದ್ದು ಫೆಡರಲ್ ಸರ್ಕಾರದ ನೆಲದಲ್ಲಿ, ಹಾಗಾಗಿ ಊರಿಗೆ ಅದರಿಂದ ಆಸ್ತಿ ತೆರಿಗೆಯ ಒಂದು ಸೆಂಟೂ ಬರುತ್ತಿರಲಿಲ್ಲ. ಬರುತ್ತಿದ್ದದ್ದೆಲ್ಲ ಕೆಲಸಗಾರರ ಜೇಬಿನ ಮೂಲಕವೇ. ಈ ಬೀದಿಯಲ್ಲಿ ನಿಂತರೆ ಅದು ಅರ್ಥವಾಗುತ್ತದೆ, ಲೆಕ್ಕಪತ್ರ ನೋಡಿದರೆ ಅಷ್ಟು ಬೇಗ ಹೊಳೆಯುವುದಿಲ್ಲ.

ಶೀತಲ ಸಮರ ಮುಗಿದಿತ್ತು, ರಕ್ಷಣಾ ವೆಚ್ಚ ಇಳಿಯುತ್ತಿತ್ತು. ಆದರೆ ಯಾವ ಸಂಸದ ತಾನೇ ತನ್ನ ಕ್ಷೇತ್ರದ ನೆಲೆ ಮುಚ್ಚಲು ಕೈಯೆತ್ತುತ್ತಾನೆ? ಅದಕ್ಕೆಂದೇ ಒಂದು ಉಪಾಯ ಹುಡುಕಿದ್ದರು. ಸ್ವತಂತ್ರ ಆಯೋಗವೊಂದು ಮುಚ್ಚಬೇಕಾದ ನೆಲೆಗಳ ಪಟ್ಟಿ ಮಾಡುತ್ತಿತ್ತು. ಒಪ್ಪಿದರೆ ಇಡೀ ಪಟ್ಟಿ ಒಪ್ಪಬೇಕು, ಬಿಟ್ಟರೆ ಇಡೀ ಪಟ್ಟಿ ಬಿಡಬೇಕಿತ್ತು. ನನ್ನ ಊರೊಂದನ್ನು ತೆಗೆಯಿರಿ ಎನ್ನಲು ಅವಕಾಶವಿರಲಿಲ್ಲ. ಜಾಣತನದ್ದೇ ಸರಿ, ಆದರೆ ಪಟ್ಟಿಯೊಳಗೆ ಸಿಕ್ಕ ಊರಿನಿಂದ ನೋಡಿದರೆ ಬಾಗಿಲಿಲ್ಲದ ಗೋಡೆ. 1993ರ ಪಟ್ಟಿಯಲ್ಲಿ ಮೇರ್ ಐಲ್ಯಾಂಡ್ ಇತ್ತು.

ವಲೇಹೋದಲ್ಲಿ ಫಿಲಿಪ್ಪೀನ್ಸ್ ಮೂಲದವರು ಬಹಳ. ಅಮೆರಿಕದ ನೌಕಾಪಡೆ ಅವರನ್ನು ಅವರ ನೆಲದಲ್ಲೇ ಭರ್ತಿ ಮಾಡಿಕೊಳ್ಳುತ್ತಿತ್ತು. ಅಲ್ಲಿನ ಸುಬಿಕ್ ಬೇ ನೆಲೆ, ಬೇರೆ ಕಾರಣಕ್ಕೆ, 1992ರಲ್ಲಿ ಮುಚ್ಚಿತು. ಮರುವರ್ಷವೇ ಇಲ್ಲಿಯ ಸುದ್ದಿ. ಕೆಲವು ಮನೆಗಳಿಗೆ ಬಿಟ್ಟು ಬಂದ ಊರಿನ ಬಾಗಿಲೂ ಬಂದು ಸೇರಿದ ಊರಿನ ಬಾಗಿಲೂ ಒಟ್ಟಿಗೇ ಹಾಕಿಕೊಂಡವು.

ಈಗ ಸೇತುವೆ ದಾಟಿ ದ್ವೀಪಕ್ಕೆ ಹೋಗೋಣ. ಅಧಿಕಾರಿಗಳ ಬಂಗಲೆಗಳ ಸಾಲು, ದೊಡ್ಡ ಮರಗಳು, 1901ರ ಪುಟ್ಟ ಚರ್ಚು. ಒಂದು ಕಡೆ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಬಿಯರ್ ತಯಾರಿಸುವವರು. ಖಾಲಿ ಶೆಡ್ಡುಗಳ ನಡುವೆ ಜಲಾಂತರ್ಗಾಮಿಯೊಂದರ ಬೆನ್ನ ಮೇಲಿನ ಕಪ್ಪು ಗೋಪುರವನ್ನು ಮಾತ್ರ ಕತ್ತರಿಸಿ ತಂದು ನಿಲ್ಲಿಸಿದ್ದಾರೆ. ಕೈಯಿಟ್ಟು ನೋಡಿ, ಕಬ್ಬಿಣ ತಣ್ಣಗಿದೆ. ಹಡಗಿನ ಹೆಸರು ‘ಮರಿಯಾನೊ ಜಿ. ವಲೇಹೋ’. ಇದೇ ಕಟ್ಟೆಯಲ್ಲಿ ಕಟ್ಟಿದ್ದು, 1966ರಲ್ಲಿ ಸೇವೆಗೆ ಸೇರಿದ್ದು. ಮಿಕ್ಕ ಮೈಯನ್ನು ತುಂಡರಿಸಿದ್ದು ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಕಟ್ಟೆಯಲ್ಲಿ. ಇಲ್ಲಿಯ ಕೆಲಸಗಾರರಲ್ಲೂ ಹಲವರು ವರ್ಗ ಮಾಡಿಸಿಕೊಂಡು ಹೋದದ್ದು ಅಲ್ಲಿಗೇ.

ನೆಲವನ್ನು ಕೂಡಲೇ ಬೇರೆಯವರಿಗೆ ಕೊಡಲೂ ಆಗಲಿಲ್ಲ. ನೂರನಲವತ್ತು ವರ್ಷಗಳ ರಾಸಾಯನಿಕ, ಹಳೆಯ ಮದ್ದುಗುಂಡು ಮಣ್ಣಿನಲ್ಲಿತ್ತು. ಇತ್ತ ಊರಿನ ಹಣವೂ ಬತ್ತಿತು: 2008ರ ಮೇ ತಿಂಗಳಲ್ಲಿ ನಗರಸಭೆ ದಿವಾಳಿ ಅರ್ಜಿ ಹಾಕಲು ತೀರ್ಮಾನಿಸಿತು. ಮರುತಿಂಗಳು ದ್ವೀಪದಲ್ಲಿ ಮನೆ ಕಟ್ಟಲು ಬಂದಿದ್ದ ಬಿಲ್ಡರ್ ಕಂಪನಿಯೂ ಅದೇ ದಾರಿ ಹಿಡಿಯಿತು. ಹಡಗುಕಟ್ಟೆಯ ಮೇಲೇ ಎಲ್ಲ ಹೊರೆ ಹಾಕುವುದು ತಪ್ಪು. ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿಯ ವೆಚ್ಚವೇ ಸಾಮಾನ್ಯ ನಿಧಿಯ ಮುಕ್ಕಾಲು ಪಾಲು ನುಂಗುತ್ತಿತ್ತು, ಮನೆಗಳ ಬೆಲೆ ಕುಸಿದಿತ್ತು. ಆದರೂ ಹನ್ನೆರಡು ವರ್ಷ ದೊಡ್ಡ ಸಂಬಳವಿಲ್ಲದೆ ದೊಡ್ಡ ಮನೆ ನಡೆಸಿದ ಹಾಗಿತ್ತು ಊರಿನ ಸ್ಥಿತಿ. ದಿವಾಳಿಯಿಂದ ಹೊರಬರುವಷ್ಟರಲ್ಲಿ 2011 ಮುಗಿಯುತ್ತಿತ್ತು. ಆ ನಡುವೆ ಅಗ್ನಿಶಾಮಕ ಠಾಣೆಗಳು ಮುಚ್ಚಿದ್ದವು.

ಹೊತ್ತಿಳಿಯುವಾಗ ಮರಳಿ ದೋಣಿಕಟ್ಟೆಗೆ ಬನ್ನಿ. ಕೆಜಿಎಫ್ ಬಲ್ಲವರಿಗೆ ಮುಂದಿನ ದೃಶ್ಯ ಹೊಸದಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಊರು ಬೆಳಕು ಹರಿಯುವ ಮೊದಲೇ ಬೆಂಗಳೂರಿನ ರೈಲು ಹತ್ತುವುದನ್ನು ಕಲಿತಿತು. ಇಲ್ಲಿ ರೈಲಿನ ಬದಲು ದೋಣಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಸಂಜೆಯ ದೋಣಿ ಬಂದು ಹಗ್ಗ ಬಿಗಿಯುತ್ತದೆ. ಲ್ಯಾಪ್‌ಟಾಪ್ ಚೀಲ, ಆಸ್ಪತ್ರೆಯ ಸಮವಸ್ತ್ರ, ನಿದ್ದೆಗಣ್ಣು. ಇಳಿದವರು ಬೀದಿಯ ಕಡೆಗಲ್ಲ, ಕಾರು ನಿಲ್ಲಿಸಿದ ಕಡೆಗೆ ಬಿರಬಿರನೆ ನಡೆಯುತ್ತಾರೆ. ಹತ್ತು ನಿಮಿಷದಲ್ಲಿ ಕಟ್ಟೆ ಖಾಲಿ.