ಮೂಕಜೀವಿಯ ಗೂಡು ಮತ್ತು ಗೃಹಸ್ಥನ ಯತ್ನಾಚಾರ

ಒಮ್ಮೆ ಬಳಸಿದ ವಸ್ತುವನ್ನು ಮತ್ತೆ ಉಪಯೋಗಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಅಪರಿಗ್ರಹಕ್ಕೆ ಅದು ಒಪ್ಪುವ ನಡತೆಯೂ ಹೌದು. ಇತ್ತೀಚೆಗೆ ಹಲವು ಕುಟುಂಬಗಳಲ್ಲಿ ಮೊಲ, ಗಿನಿಪಿಗ್‌ಗಳಂತಹ ಸಣ್ಣ ಸಸ್ಯಾಹಾರಿ ಪ್ರಾಣಿಗಳಿವೆ. ಖಾಲಿ ಡಬ್ಬಿ, ರಟ್ಟಿನ ಪೆಟ್ಟಿಗೆ, ಹಳೆಯ ಬಟ್ಟೆಗಳು ಅವುಗಳ ಗೂಡು, ಹಾಸಿಗೆಗಳಾಗುತ್ತಿವೆ. ಇದು ಮಿತವ್ಯಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಧರ್ಮವೂ ಆಗಬೇಕಾದರೆ, ನಮ್ಮ ಉಳಿತಾಯದ ಬೆಲೆಯನ್ನು 'ಬೇಡ' ಎನ್ನಲಾರದ ಜೀವಿ ತೆರುವಂತಾಗಬಾರದು.

ಊರು ಬಿಟ್ಟುಹೋದ ನೆರೆಯವರು ಒಪ್ಪಿಸಿದ ಎರಡು ಗಿನಿಪಿಗ್‌ಗಳು ನಮ್ಮ ಮನೆಯಲ್ಲಿವೆ. ಮೊಮ್ಮಗಳು ಅವುಗಳ ಪಾತ್ರೆಗಳಿಗೆ ಕುದಿನೀರು ಹಾಕುವುದನ್ನು ಕಂಡ ನನ್ನ ಅಕ್ಕ, "ಎರಡು ಜೀವಕ್ಕಾಗಿ ಎಷ್ಟು ಜೀವ ತೆಗೆಸುತ್ತೀಯಪ್ಪಾ?" ಎಂದು ಕೇಳಿದರು.

ಪ್ರಶ್ನೆ ಹಗುರವಾದುದಲ್ಲ. ಶ್ರಾವಕನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಅಡಿಗೆ, ಶುಚಿತ್ವಗಳಲ್ಲಿ ಸಂಭವಿಸುವ ಆರಂಭೀ ಹಿಂಸೆಯನ್ನು ಆತ ಪೂರ್ಣವಾಗಿ ನೀಗಲಾರ, ಮಿತಗೊಳಿಸಬಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಪ್ರಮಾದವನ್ನೇ ಹಿಂಸೆಯ ಬೇರೆಂದು ತಿಳಿಸಿ, ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧನವನ್ನು ಮೊದಲು ಎಣಿಸಿದೆ. ಬಯಲಿನ ಮೊಲ ಹೊಲಸಾದ ಜಾಗವನ್ನು ಬಿಟ್ಟುಹೋಗಬಲ್ಲುದು; ಗೂಡಿನ ಮೊಲ ಹೋಗಲಾರದು. ಆದುದರಿಂದ ಗೂಡಿನ ಶುಚಿತ್ವ ಅದನ್ನು ಕೂಡಿಟ್ಟವರ ಋಣ.

ಈ ಋಣವನ್ನು ಮರೆತರೆ ಹಿಂಸೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಒದ್ದೆ ಹಾಸಿನಿಂದ ಮೊಲದ ರೋಮ ಹೊಲಸಾದರೆ ನೊಣಗಳು ಅಲ್ಲಿ ಮೊಟ್ಟೆಯಿಡುತ್ತವೆ. ಹುಟ್ಟಿದ ಹುಳುಗಳು ಅದರ ಮೈಯನ್ನೇ ಕೊರೆಯುತ್ತವೆ. ಆಗ ಹುಳುಗಳನ್ನು ತೆಗೆದರೆ ಅವು ಸಾಯುತ್ತವೆ, ತೆಗೆಯದಿದ್ದರೆ ಮೊಲ ಸಾಯುತ್ತದೆ. ದಿನವೂ ಒದ್ದೆ ಹಾಸನ್ನು ಬದಲಿಸಿದವನಿಗೆ ಈ ಸಂಕಟ ಬಹುಮಟ್ಟಿಗೆ ತಪ್ಪುತ್ತದೆ. ಅಕ್ಕನಿಗೆ ನಾನು ಹೇಳಿದ ಉತ್ತರವೂ ಇದೇ.

ಇನ್ನು ವಿಧಾನ. ಸರಿಯಾದ ಆಯ್ಕೆಯೇ ಮೊದಲ ಶುದ್ಧಿ. ನನ್ನ ಅಂಗಡಿಗೆ ದಿನವೂ ರಟ್ಟಿನ ಪೆಟ್ಟಿಗೆಗಳು ಬರುತ್ತವೆ. ರಟ್ಟನ್ನು ತೊಳೆಯಲಾಗದು, ನೆನೆದರೆ ಬೂಷ್ಟು ಹಿಡಿಯುತ್ತದೆ. ಆದುದರಿಂದ ಒಣಗಿದ, ಕಲೆಯಾಗಲಿ ವಾಸನೆಯಾಗಲಿ ಇಲ್ಲದ ಪೆಟ್ಟಿಗೆಗಳನ್ನು ಮಾತ್ರ ಆರಿಸಿ, ಅಂಟುಪಟ್ಟಿ, ಪಿನ್ನುಗಳನ್ನು ಕೀಳುತ್ತೇವೆ. ಮಡಿಕೆಗಳಲ್ಲಿರುವ ಇರುವೆ, ಜಿರಳೆಗಳನ್ನು ಮೃದುವಾದ ಕುಂಚದಿಂದ ಸರಿಸಿದ ಮೇಲೆಯೇ ಬಿಸಿಲಿಗಿಡುತ್ತೇವೆ. ಮುನಿಗಳು ಪಿಂಛಿಯಿಂದ ನಡೆಸುವ ಪ್ರತಿಲೇಖನದ ಭಾವ ಇಲ್ಲಿಯೂ ಸಲ್ಲುತ್ತದೆ. ಮೊಟ್ಟೆಯ ಟ್ರೇಗಳನ್ನೂ ಬಣ್ಣ, ಕೀಟನಾಶಕ, ನ್ಯಾಫ್ತಲೀನ್ ಗುಳಿಗೆಗಳಿದ್ದ ಡಬ್ಬಿಗಳನ್ನೂ ಎಂದಿಗೂ ಬಳಸಬಾರದು.

ಗಾಜು, ಉಕ್ಕು, ಪ್ಲಾಸ್ಟಿಕ್ ಪಾತ್ರೆಗಳನ್ನು ಮೊದಲು ಸಾಬೂನು, ಬಿಸಿನೀರುಗಳಿಂದ ಉಜ್ಜಬೇಕು. ಕೊಳೆ ಉಳಿದರೆ ಕ್ರಿಮಿನಾಶಕದ ಶಕ್ತಿ ಕುಂದುತ್ತದೆ. ತೊಳೆದ ಬಿಸಿನೀರನ್ನು ಆರಿಸಿಯೇ ಚರಂಡಿಗೆ ಚೆಲ್ಲಬೇಕೆಂಬ ನಮ್ಮ ಹಿರಿಯರ ನಿಯಮವನ್ನು ಮರೆಯಬಾರದು. ಹಳೆಯ ಬಟ್ಟೆಯನ್ನು ಒಗೆದು ಒಣಗಿಸಿ, ಕಾಲ್ಬೆರಳಿಗೆ ಸುತ್ತಿಕೊಳ್ಳಬಹುದಾದ ನೂಲೆಳೆಗಳನ್ನು ಕತ್ತರಿಸಬೇಕು.

ಪ್ರಾಣಿ ಕಾಯಿಲೆ ಬಿದ್ದಾಗ ಮಾತ್ರ ಬ್ಲೀಚ್ ದ್ರಾವಣದ ಅಗತ್ಯ ಬರಬಹುದು. ಸುಗಂಧ ಬೆರೆಸದ ಸಾಮಾನ್ಯ ಬ್ಲೀಚಿನ 1 ಪಾಲಿಗೆ 32 ಪಾಲು ತಣ್ಣೀರು ಸೇರಿಸಿ, ಚೆನ್ನಾಗಿ ತೊಳೆದ ಪಾತ್ರೆಯನ್ನು ಅದರಲ್ಲಿ 10 ನಿಮಿಷ ಇರಿಸಿ, ವಾಸನೆ ಹೋಗುವವರೆಗೂ ಜಾಲಿಸಿ, ಪೂರ್ಣ ಒಣಗಿಸಬೇಕು. ಅದನ್ನು ವಿನೆಗರ್ ಅಥವಾ ಬೇರೆ ಶುಚಿದ್ರವ್ಯಗಳೊಡನೆ ಬೆರೆಸಿದರೆ ವಿಷಾನಿಲ ಹುಟ್ಟಬಹುದು. ಫಿನಾಯಿಲ್ ಈ ಸಣ್ಣ ಜೀವಿಗಳಿಗೆ ಹಾನಿಕರವಾದುದರಿಂದ ಗೂಡಿನ ಬಳಿ ಬೇಡ.

ಗಾಯಗೊಂಡ ಪಾರಿವಾಳಗಳಿಗೆ ಆಶ್ರಯ ಕೊಡುವ ಬಸದಿಗಳ ಟ್ರಸ್ಟಿನವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಹಳೆಯ ಪೆಟ್ಟಿಗೆಯನ್ನು ದಾನವಾಗಿ ಕೊಡುವವರು ಅದನ್ನು ಪರೀಕ್ಷಿಸಿಯೇ ಕೊಡಲಿ. ಬೇಡದ ಕಸವನ್ನು ಸಾಗಹಾಕುವುದು ದಾನವಲ್ಲ; ಯತ್ನದಿಂದ ಶುದ್ಧಗೊಳಿಸಿ ಕೊಟ್ಟದ್ದೇ ಜೀವದಯೆ.