ಒಂದು ಜೀಪು, ಎರಡು ಇಂಜಿನು

ಹಳೆಯ ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಸಂಗ್ರಹಿಸುವ ಹವ್ಯಾಸ ನಮ್ಮ ಶಾಲೆಗಳಿಗೆ ಹೊಸತಲ್ಲ. ಅವನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟರೆ ಸಾಕು, ಕೆಡುವುದಿಲ್ಲ. ಹಳೆಯ ಮೋಟಾರು ವಾಹನಗಳ ಮಾತು ಬೇರೆ. ನಾಣ್ಯ ಸುಮ್ಮನೆ ಬಿದ್ದಿದ್ದರೂ ನಾಣ್ಯವೇ. ಓಡದೆ ನಿಂತ ಕಾರು ಮಾತ್ರ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಗುಜರಿಯ ಪಾಲಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಂತೂ ಕಬ್ಬಿಣಕ್ಕೆ ತುಕ್ಕಿಗಿಂತ ದೊಡ್ಡ ಶತ್ರು ಇಲ್ಲ.

ಶಾಲಾ ಪ್ರವಾಸದಲ್ಲಿ ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿರಬಹುದು. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಸಂಗ್ರಹವದು. ಉದ್ದ ಮೂತಿಯ, ದೊಡ್ಡ ದೀಪಗಳ ಆ ವಿದೇಶೀ ಕಾರುಗಳ ಮುಂದೆ ನಿಂತಾಗ, ನಮ್ಮ ತಾತಂದಿರ ಕಾಲವೇ ಎದುರು ಬಂದು ನಿಂತಂತೆ ಭಾಸವಾಗುತ್ತದೆ. ಆದರೆ ನಮ್ಮ ಗುಡ್ಡಗಾಡಿನ ರಸ್ತೆಗಳಲ್ಲಿ ಓಡಿದ್ದು ಅಂತಹ ಕಾರುಗಳಲ್ಲ, ಜೀಪುಗಳು. ಮುಳ್ಳೇರಿಯದಿಂದಾಚೆ ಅಡೂರು, ದೇಲಂಪಾಡಿಯ ಕಡೆಯ ಹಿರಿಯರನ್ನು ಕೇಳಿ ನೋಡಿ. ಬಸ್ಸು ಕಾಣದ ದಾರಿಯಲ್ಲಿ ಅಡಿಕೆ ಮೂಟೆ, ಮದುವೆಯ ದಿಬ್ಬಣ, ಕಾಯಿಲೆಯವರು ಎಲ್ಲವೂ ಜೀಪಿನಲ್ಲೇ ಸಾಗಿದ ಕಥೆ ಹೇಳುತ್ತಾರೆ.

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧಕ್ಕಾಗಿ. ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆಗ 6 ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಬಳಿಕ ಮಹೀಂದ್ರ ಕಂಪೆನಿ ಅದನ್ನು ನಮ್ಮ ದೇಶಕ್ಕೆ ತಂದಿತು. ನನ್ನ ಸೋದರಮಾವನ ಮನೆಯಲ್ಲಿರುವುದು ಸಿ.ಜೆ. 3ಬಿ ಎಂಬ ಮಾದರಿ, 1967ರಲ್ಲಿ ಕೊಂಡದ್ದು. ಅದರ ಬಾನೆಟ್ಟು ಯುದ್ಧಕಾಲದ ಜೀಪಿಗಿಂತ ಎತ್ತರ. ಅಂದಕ್ಕಾಗಿ ಹಾಗೆ ಮಾಡಿದ್ದಲ್ಲ. ಹಿಂದಿನ ಇಂಜಿನಿನಲ್ಲಿ ಎಲ್ಲ ವಾಲ್ವುಗಳೂ ಸಿಲಿಂಡರಿನ ಪಕ್ಕದಲ್ಲಿದ್ದವು. ಹೊಸತರಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಬಿಡುವ ವಾಲ್ವುಗಳನ್ನು ಮೇಲಕ್ಕೆ ಏರಿಸಿದರು. ಶಕ್ತಿ ಹೆಚ್ಚಿತು, ಇಂಜಿನೂ ಎತ್ತರವಾಯಿತು, ಬಾನೆಟ್ಟೂ ಏರಬೇಕಾಯಿತು.

1973ರಲ್ಲಿ ತೈಲದ ಬಿಕ್ಕಟ್ಟು ಬಂದು ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಪೆಟ್ರೋಲು ಜೀಪುಗಳನ್ನು ಸಾಕುವುದು ಆನೆಯನ್ನು ಸಾಕಿದ ಹಾಗಾಯಿತು. ಅನೇಕರು ಪೆಟ್ರೋಲು ಇಂಜಿನನ್ನು ಇಳಿಸಿ ಡೀಸೆಲ್ ಇಂಜಿನು ಕೂರಿಸಿದರು. ಮಾವನೂ 1981ರಲ್ಲಿ ಹಾಗೆಯೇ ಮಾಡಿದರು. ಇಳಿಸಿದ ಹಳೆಯ ಇಂಜಿನು ಸೌದೆ ಕೊಟ್ಟಿಗೆಯ ಮೂಲೆ ಸೇರಿತು.

ಅದು ಮತ್ತೆ ನೆನಪಾದದ್ದು 2021ರಲ್ಲಿ. ಆ ವರ್ಷ ಕೇಂದ್ರ ಸರಕಾರ ಪುರಾತನ ವಾಹನಗಳಿಗೆಂದು ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ ವಾಹನಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿದರೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ವಿಶೇಷ ನಂಬರು. 10 ವರ್ಷದ ನೋಂದಣಿ. ಆದರೆ ವಾಹನ ಮೂಲರೂಪದಲ್ಲೇ ಇರಬೇಕು, ಇಂಜಿನು ಬದಲಾಗಿರಬಾರದು. ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗೆ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಮಾವನ ಮೊಮ್ಮಗನಿಗೆ ಉತ್ಸಾಹ ಉಕ್ಕಿತು. ಹಳೆಯ ಇಂಜಿನನ್ನು ಹೊರಗೆಳೆದರೆ ಅದು ಜಪ್ಪಯ್ಯ ಎಂದರೂ ತಿರುಗದು. ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ಎಪ್ಪತ್ತು ದಾಟಿದ ಒಬ್ಬ ಮೆಕ್ಯಾನಿಕ್ ಬಂದು ನೋಡಿ, ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಿಗೆ ಆಯಿಲ್ ಬೆರೆಸಿದ ಸೀಮೆಎಣ್ಣೆ ಹೊಯ್ದರು. ಹುಡುಗ ಆಗಲೇ ಹ್ಯಾಂಡಲಿಗೆ ಕೈಹಾಕಿದ್ದ.

“ಅವಸರ ಬೇಡ ಮಗಾ. ಕಚ್ಚಿದ್ದು ತಾನಾಗಿ ಬಿಡಬೇಕು. ಬಲ ಹಾಕಿದರೆ ರಿಂಗು ತುಂಡಾಗುತ್ತದೆ” ಎಂದರು.

ದಿನವೂ ಎಣ್ಣೆ ಹೊಯ್ಯುವುದು, ಹ್ಯಾಂಡಲನ್ನು ಮೆಲ್ಲನೆ ಅಲುಗಿಸುವುದು. ಹದಿನೆಂಟನೆಯ ದಿನ ಅದು ಬೆರಳಗಲ ಸರಿಯಿತು. ಮತ್ತೆ ಬಿಚ್ಚಿ, ತೊಳೆದು, ಸವೆದ ಸಿಲಿಂಡರುಗಳನ್ನು ಲೇತಿನಲ್ಲಿ ಕೊರೆಸಿ, ಅದಕ್ಕೊಪ್ಪುವ ದೊಡ್ಡ ಪಿಸ್ಟನ್ನು ಹಾಕಿಸಿದ್ದಾಯಿತು. ಕಾರ್ಬ್ಯುರೇಟರನ್ನು ಪೆಟ್ರೋಲಿನಲ್ಲಿ ತೊಳೆದರು. ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಕಿಡಿ ಹಾರಬೇಕೆಂದು ಹುಡುಗನಿಗೆ ಬಾಯಿಪಾಠ ಮಾಡಿಸಿದರು. ಹ್ಯಾಂಡಲು ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಬೇಕು. ಇಂಜಿನು ಹಿಮ್ಮುಖವಾಗಿ ಒದ್ದರೆ ಕೈ ಮುರಿಯದಿರಲು ಇದೇ ಉಪಾಯ ಎಂದೂ ತೋರಿಸಿಕೊಟ್ಟರು. ನಾಲ್ಕು ತಿಂಗಳ ಬಳಿಕ, ನಾಲ್ವತ್ತು ವರ್ಷ ಮಲಗಿದ್ದ ಇಂಜಿನು ಎರಡು ಸಲ ಕೆಮ್ಮಿ, ಹೊಗೆಯುಗುಳಿ, ಗುಡುಗಿತು. ಮನೆಮಂದಿಯೆಲ್ಲ ಅಂಗಳಕ್ಕೆ ಓಡಿಬಂದರು.

ಇನ್ನು ಡೀಸೆಲ್ ಇಂಜಿನನ್ನು ಇಳಿಸಿ ಇದನ್ನು ಕೂರಿಸುವುದೊಂದೇ ಬಾಕಿ. ಆಗ ಮಾವ ಮೊಮ್ಮಗನನ್ನು ಬಳಿಗೆ ಕರೆದು ಹೇಳಿದರು:

“ನಿನ್ನ ಅಪ್ಪ ಹುಟ್ಟಿದ ರಾತ್ರಿ ನಿನ್ನ ಅಜ್ಜಿಯನ್ನು ಹೊಳೆ ದಾಟಿಸಿ ಆಸ್ಪತ್ರೆಗೆ ಮುಟ್ಟಿಸಿದ್ದು ಈ ಡೀಸೆಲ್ ಇಂಜಿನು. ಇದನ್ನು ಇಳಿಸಿದ ಮೇಲೆ ಅದು ಯಾವ ಲೆಕ್ಕದ ಮೂಲರೂಪ ಮಗೂ?”

ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಕೊನೆಗೆ ಹಳೆಯ ಇಂಜಿನಿಗೆ ಹಲಸಿನ ಮರದ ಗಟ್ಟಿ ಪೀಠವೊಂದಾಯಿತು. ತಿಂಗಳಿಗೊಮ್ಮೆ ಅದನ್ನು ಚಾಲು ಮಾಡುವುದು ಅವನದೇ ಕೆಲಸ. ವಿಶೇಷ ನಂಬರು ಬರಲಿಲ್ಲ. ಜೀಪು ಈಗಲೂ ತೋಟಕ್ಕೆ ಗೊಬ್ಬರ ಹೊರುತ್ತದೆ.

ಸರಕಾರದ ನಿಯಮ ತಪ್ಪೆಂದು ನಾನು ಹೇಳಲಾರೆ. ವಾಹನ ಹುಟ್ಟುವಾಗ ಹೇಗಿತ್ತೆಂಬುದನ್ನು ಯಾರಾದರೂ ಕಾಪಾಡಲೇಬೇಕು. ವಸ್ತುಸಂಗ್ರಹಾಲಯಗಳು ಮಾಡುವ ಪುಣ್ಯದ ಕೆಲಸವದು. ಆದರೆ ಅದು ಹೇಗೆ ಬಾಳಿತೆಂಬುದಕ್ಕೂ ಬೆಲೆಯಿದೆ. ಬಡವರ ನಾಡಿನಲ್ಲಿ ವಾಹನಗಳು ಬದಲಾದುದರಿಂದಲೇ ಬದುಕಿದವು. ಹಾಗೆ ಬದುಕಿಸಿದ ಕೈಗಳು ಈಗ ನಡುಗುತ್ತಿವೆ. ಆ ಮೆಕ್ಯಾನಿಕ್ಕರಿಗೆ ಶಿಷ್ಯರಿಲ್ಲ. ಅವರ ವಿದ್ಯೆ ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ.

ವಿದ್ಯಾರ್ಥಿ ಮಿತ್ರರೇ, ಹಳೆಯ ಕಾರು ಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಆದರೆ ಒಂದು ನೋಟುಪುಸ್ತಕ ಎಲ್ಲರಲ್ಲಿಯೂ ಇದೆ. ನಿಮ್ಮೂರಿನ ಗ್ಯಾರೇಜಿನಲ್ಲಿ ಮುದಿ ಮೆಕ್ಯಾನಿಕ್ ಒಬ್ಬರಿದ್ದರೆ, ರಜೆಯಲ್ಲಿ ಅವರ ಬಳಿ ಕುಳಿತು ಅವರು ಹೇಳಿದ್ದನ್ನು ಬರೆದಿಡಿ. ಅದೂ ಸಂಗ್ರಹವೇ.