ಹದಿಮೂರೇಳ್ಲೆ ತೊಂಬತ್ತೊಂದು

ಸಂಜೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಎಸ್‌ಡಿಎ ಪರೀಕ್ಷೆಗೆ ಓದುತ್ತಿರುವ ಅಕ್ಕನ ಮಗಳು ಪುಸ್ತಕ ಹಿಡಿದು ಪಕ್ಕಕ್ಕೆ ಬಂದಳು. “ಮಾಮ, ಇದೊಂದು ನೋಡಿ. 51, 57, 91, 97. ಇದರಲ್ಲಿ ಅವಿಭಾಜ್ಯ ಸಂಖ್ಯೆ ಯಾವುದು?”

91ರ ಮುಂದೆ ಗುರುತು ಹಾಕಿದ್ದಳು. ಅವಳದೇನೂ ತಪ್ಪಿಲ್ಲ ಬಿಡಿ. 91 ಇರುವುದೇ ಹಾಗೆ. ಸಮಸಂಖ್ಯೆಯಲ್ಲ, ಕೊನೆಗೆ ಐದಿಲ್ಲ, ಅಂಕಿ ಕೂಡಿದರೆ ಹತ್ತು, ಹಾಗಾಗಿ ಮೂರಕ್ಕೂ ಸಿಗದು. ಏಳರ ಮಗ್ಗಿಯೋ, ಎಪ್ಪತ್ತಕ್ಕೇ ನಿಂತುಬಿಡುತ್ತದೆ. 91 ಸಿಗುವುದು ಹದಿಮೂರರ ಮಗ್ಗಿಯಲ್ಲಿ.

ಆ ಹದಿಮೂರರ ಮಗ್ಗಿ ನನಗಿನ್ನೂ ಕಿವಿಯಲ್ಲಿದೆ. ದೀಪ ಹಚ್ಚುತ್ತಿದ್ದಂತೆ ಇಪ್ಪತ್ತರವರೆಗೆ ಒಪ್ಪಿಸಬೇಕಿತ್ತು. ಅಜ್ಜಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಕೇಳಿಸಿಕೊಳ್ಳುತ್ತಿದ್ದರು. ಓದು ಬರಹ ಬಾರದು, ಆದರೆ ಎಲ್ಲಿ ತಪ್ಪಿದರೂ ತಟ್ಟುವ ಸದ್ದು ನಿಲ್ಲುತ್ತಿತ್ತು. ಸರಿಪಡಿಸಿ “ಹದಿಮೂರೇಳ್ಲೆ ತೊಂಬತ್ತೊಂದು” ಅಂದ ಮೇಲೇ ಮತ್ತೆ ಪಟಪಟ. ರೊಟ್ಟಿಯ ವಿಷಯ ಹಿಡಿದರೆ ಇವತ್ತು ಲೆಕ್ಕ ಮುಗಿಯದು, ಇರಲಿ.

51 ಎಂದರೆ ಮೂರು ಹದಿನೇಳು, 57 ಎಂದರೆ ಮೂರು ಹತ್ತೊಂಬತ್ತು. ಉಳಿದದ್ದು 97. ಅದನ್ನು 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು. ಅಷ್ಟೇ ಏಕೆ ಅಂತೀರಾ? ಹತ್ತು ಹತ್ತಲೆ ನೂರು. ಎರಡು ಸಂಖ್ಯೆ ಗುಣಿಸಿ 97 ಆಗಬೇಕಾದರೆ ಒಂದಾದರೂ ಹತ್ತಕ್ಕಿಂತ ಚಿಕ್ಕದಿರಲೇಬೇಕಲ್ಲ! ಈ ಮಾತು ಕೇಳಿ ಅವಳ ಮುಖ ಅರಳಿದ್ದು ನೋಡಬೇಕಿತ್ತು. ಸೂತ್ರ ಗೊತ್ತಿತ್ತು, ಕಾರಣ ಈಗ ಸಿಕ್ಕಿತು.

ಮುಂದಿನದು ಗಂಟೆಗಳ ಲೆಕ್ಕ. ಮೂರು ಗಂಟೆಗಳು 6, 8, 12 ನಿಮಿಷಕ್ಕೊಮ್ಮೆ ಬಾರಿಸುತ್ತವೆ. ಒಟ್ಟಿಗೆ ಬಾರಿಸಿದ ಮೇಲೆ ಮತ್ತೆ ಒಟ್ಟಾಗುವುದು ಯಾವಾಗ? ಲ.ಸಾ.ಅ. 24, ಅಂದರೆ 24 ನಿಮಿಷಕ್ಕೆ. ಈ ಲ.ಸಾ.ಅ. ನಮ್ಮ ನೆಲಕ್ಕೆ ಹಳೆಯ ನೆಂಟ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಭಿನ್ನರಾಶಿ ಕೂಡುವಾಗ ಛೇದಗಳನ್ನು ಒಂದು ಮಾಡಲು ಇದನ್ನೇ ಬಳಸಿ ‘ನಿರುದ್ಧ’ ಎಂದು ಕರೆದ. ಅವನ ಲೆಕ್ಕಗಳಲ್ಲಿ ದುಂಬಿಗಳು ಹಾರುತ್ತವೆ, ಹರಿದ ಮುತ್ತಿನ ಹಾರ ಚೆಲ್ಲಾಡುತ್ತದೆ. ಲೆಕ್ಕ ಕಲಿಸುವವನಿಗೆ ಇಂಥ ರಸಿಕತೆ ಇರಬೇಕು ನೋಡಿ.

ಅಷ್ಟು ದೂರ ಯಾಕೆ, ಪಂಚಾಂಗವನ್ನೇ ತೆಗೆಯಿರಿ. ಗುರು ರಾಶಿಚಕ್ರ ಸುತ್ತಲು ಸುಮಾರು 12 ವರ್ಷ, ಶನಿಗೆ ಸುಮಾರು 30. ಇಬ್ಬರೂ ಹೊರಟ ಜಾಗಕ್ಕೆ ಒಟ್ಟಿಗೆ ಮರಳಲು ಎಷ್ಟು? 12, 30ರ ಲ.ಸಾ.ಅ. 60. ನಮ್ಮ ಸಂವತ್ಸರಗಳೂ ಪ್ರಭವದಿಂದ ಅಕ್ಷಯದವರೆಗೆ ಅರವತ್ತೇ. ಹೋದ ವರ್ಷ ನನ್ನ ಷಷ್ಟ್ಯಬ್ದಿಯಲ್ಲಿ ಹೋಳಿಗೆ ತಿನ್ನುವಾಗ ಇದು ಹೊಳೆದಿರಲಿಲ್ಲ.

“ಹಾಗಾದರೆ ನಿಮಗೀಗ 61, ಅವಿಭಾಜ್ಯ!” ಅಂದಳು. “ನನಗೆ 23, ಅದೂ ಅವಿಭಾಜ್ಯ!” ಪೆನ್ನು ಓಡಿತು. ನಮ್ಮಿಬ್ಬರ ಅಂತರ 38. ಅದನ್ನು ನಿಶ್ಶೇಷವಾಗಿ ಭಾಗಿಸುವುದು 1, 2, 19, 38 ಮಾತ್ರ. ಆ ವಯಸ್ಸುಗಳಲ್ಲಿ ಮಾತ್ರ ನನ್ನ ವಯಸ್ಸು ಅವಳದರ ಅಪವರ್ತ್ಯ. ಅವಳು ತೊಟ್ಟಿಲಿನಿಂದಿಳಿದು ಅಂಬೆಗಾಲಿಟ್ಟಾಗ ಒಮ್ಮೆ, ಮರುವರ್ಷ ಒಮ್ಮೆ, ಕಾಲೇಜಿನಲ್ಲಿದ್ದಾಗ, ನನಗೆ 57 ಇದ್ದಾಗ, ಮತ್ತೊಮ್ಮೆ. ಮೂರು ಸಲ ಆಗಿಹೋಯಿತು, ಇಬ್ಬರಿಗೂ ತಿಳಿಯಲೇ ಇಲ್ಲ.

“ಇನ್ನೊಂದೇ ಸಲ ಉಳಿದಿದೆ ಮಾಮ. ನನಗೆ 38, ನಿಮಗೆ 76. ಹದಿನೈದು ವರ್ಷ. ಅವತ್ತು ಇಲ್ಲೇ ಕೂತು ಅವರೆಕಾಯಿ ಸುಲಿಯೋಣ.”

ಹೂಂ ಅಂದೆ. ಮೊರದಲ್ಲಿ ಇನ್ನೂ ಅರ್ಧ ಕಾಯಿ ಉಳಿದಿತ್ತು. ಅವಳೂ ಒಂದು ಹಿಡಿ ಎಳೆದುಕೊಂಡಳು.